ಪೂರ್ತಿ ಮಲಗಿಸ್ತೀರಾ, ಡಾಕ್ಟ್ರಮ್ಮ?

ಆಪರೇಷನ್ ಹಿಂದಿನ ದಿನ ವಾರ್ಡಿಗೆ ಹೋಗಿ ರೋಗಿಯನ್ನು ನೋಡಿ ಬರುವುದು ನನ್ನ ಕೆಲಸ. ಸರ್ಜನ್ ಬಗ್ಗೆ ಮನೆಯವರಿಗೆ ಎಲ್ಲ ಗೊತ್ತಿರುತ್ತದೆ. ಎಲ್ಲಿ ಓದಿದ್ದು, ಯಾವ ಊರಿನವರು, ಯಾರ ಮಾವನಿಗೆ ಬೈಪಾಸ್ ಮಾಡಿದ್ದರು, ಎಲ್ಲ. ನಾನು ಹೋದರೆ ಮಾತ್ರ 'ಇವರ್ಯಾರು' ಅನ್ನೋ ನೋಟ. 'ಮತ್ತು ಕೊಡೋ ಡಾಕ್ಟ್ರು' ಅಂದ ತಕ್ಷಣ ಮುಖ ಸಣ್ಣದಾಗುತ್ತದೆ. ಎದೆ ಕೊಯ್ಯುತ್ತಾರೆ ಅನ್ನುವುದಕ್ಕಿಂತ ಎಚ್ಚರ ತಪ್ಪಿಸುತ್ತಾರೆ ಅನ್ನುವುದಕ್ಕೇ ಜನ ಜಾಸ್ತಿ ಹೆದರುತ್ತಾರೆ.

'ಪೂರ್ತಿ ಮಲಗಿಸ್ತೀರಾ ಡಾಕ್ಟ್ರಮ್ಮ? ಬರೀ ಆ ಜಾಗಕ್ಕೆ ಕೊಟ್ರೆ ಆಗಲ್ವಾ?'

ಸೊಸೆಗೆ ಸಿಸೇರಿಯನ್ ಆದಾಗ ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದನ್ನು ನೋಡಿರುತ್ತಾರೆ. ಅವಳು ಎಚ್ಚರವಾಗಿಯೇ ಇದ್ದು ಮಗುವಿನ ಅಳು ಕೇಳಿಸಿಕೊಂಡಳು. ಹಾಗಿದ್ದ ಮೇಲೆ ಹೃದಯಕ್ಕೂ ಯಾಕೆ ಆಗಬಾರದು? ಪಕ್ಕದಲ್ಲಿ ನಿಂತ ಮಗ 'ಸುಮ್ನಿರಮ್ಮ, ಅದೆಲ್ಲ ಅವರಿಗೆ ಗೊತ್ತು' ಅಂತ ಗದರುತ್ತಾನೆ. ಆದರೆ ಅಮ್ಮ ಕೇಳಿದ್ದರಲ್ಲಿ ತಪ್ಪೇನಿಲ್ಲ. ನಮ್ಮ ವಿಷಯದ ದೊಡ್ಡ ದೊಡ್ಡ ತಲೆಗಳು ಮೂರು ದಶಕದಿಂದ ಜಗಳಾಡುತ್ತಿರುವುದೂ ಇದೇ ಪ್ರಶ್ನೆಗೆ.

ಮೊದಲು ಒಂದು ವಿಚಿತ್ರ ಸಂಗತಿ. ಹೃದಯಕ್ಕೆ ಮುಟ್ಟಿದ್ದು ಗೊತ್ತಾಗುವುದಿಲ್ಲ.

ರಕ್ತ ದೇಹದಲ್ಲಿ ಸುತ್ತುತ್ತಿರುತ್ತದೆ ಅಂತ 1628ರಲ್ಲಿ ತೋರಿಸಿಕೊಟ್ಟ ವಿಲಿಯಂ ಹಾರ್ವೆ ಇಂಗ್ಲೆಂಡಿನ ದೊರೆ ಒಂದನೇ ಚಾರ್ಲ್ಸ್‌ನ ವೈದ್ಯ. ಅವನ ಹತ್ತಿರ ಐರ್ಲೆಂಡಿನ ಮಾಂಟ್ಗೊಮರಿ ಅನ್ನುವ ಶ್ರೀಮಂತ ಮನೆತನದ ಹುಡುಗನೊಬ್ಬ ಬಂದ. ಚಿಕ್ಕಂದಿನಲ್ಲಿ ಬಿದ್ದು ಎಡಪಕ್ಕೆ ಮುರಿದು, ಕೀವಾಗಿ, ಕೊನೆಗೆ ಎದೆಯಲ್ಲಿ ತೂತೇ ಉಳಿದುಬಿಟ್ಟಿತ್ತು. ಒಳಗೆ ಬಡಿಯುವ ಹೃದಯ ಹೊರಗಿನಿಂದ ಸಿಗುತ್ತಿತ್ತು. ಹಾರ್ವೆ ಅವನನ್ನು ದೊರೆಯ ಹತ್ತಿರ ಕರೆದುಕೊಂಡು ಹೋದ. ದೊರೆಯೂ ಬೆರಳಿಟ್ಟು ಮುಟ್ಟಿ ನೋಡಿದ. ಕಣ್ಣಿಂದ ನೋಡಿದರೆ, ಇಲ್ಲವೇ ಹೊರಗಿನ ಚರ್ಮಕ್ಕೆ ಕೈ ತಾಗಿದರೆ ಮಾತ್ರ ಹುಡುಗನಿಗೆ ಗೊತ್ತಾಗುತ್ತಿತ್ತು. ಹೃದಯ ಮುಟ್ಟಿದ್ದು ಅವನಿಗೆ ತಿಳಿಯಲೇ ಇಲ್ಲ.

ಹಾಗಂತ ಹೃದಯಕ್ಕೆ ನೋವೇ ಇಲ್ಲ ಅಂತಲ್ಲ. ರಕ್ತ ಕಮ್ಮಿಯಾದರೆ ಅದು ಚೀರುತ್ತದೆ. ಆ ಸುದ್ದಿ ಬೆನ್ನುಹುರಿಯ ಮೇಲ್ಭಾಗಕ್ಕೆ ಹೋಗುತ್ತದೆ. ಎದೆ ಮತ್ತು ಎಡತೋಳಿನ ಒಳಭಾಗದ ಸುದ್ದಿಯೂ ಬರುವುದು ಅಲ್ಲಿಗೇ. ಅದಕ್ಕೇ ಹಾರ್ಟ್ ಅಟ್ಯಾಕ್ ಆದಾಗ ಕೈ ನೋಯುವುದು. ಆದರೆ ಕತ್ತರಿ, ಸೂಜಿ, ಹೊಲಿಗೆ ಇವೆಲ್ಲ ಹೃದಯಕ್ಕೆ ಅಷ್ಟಾಗಿ ಲೆಕ್ಕಕ್ಕಿಲ್ಲ. ಓಪನ್ ಹಾರ್ಟ್ ಆಪರೇಷನ್‌ನಲ್ಲಿ ನೋಯುವುದು ದಾರಿ. ಚರ್ಮ, ಗರಗಸದಲ್ಲಿ ಉದ್ದಕ್ಕೆ ಸೀಳಿದ ಎದೆಮೂಳೆ, ಗಂಟೆಗಟ್ಟಲೆ ಅಗಲಿಸಿ ಇಟ್ಟ ಪಕ್ಕೆಲುಬು, ಕೊನೆಗೆ ಹೊಟ್ಟೆಯ ಮೇಲ್ಭಾಗದಿಂದ ತೂರಿಸಿದ ಡ್ರೈನ್ ಪೈಪುಗಳು. ಈ ದಾರಿಯ ನೋವನ್ನು ಹೊತ್ತು ತರುವುದು ಪಕ್ಕೆಲುಬಿನ ಸಂದಿಯಲ್ಲಿ ಹಾದು ಬರುವ ನರಗಳು. ಅವನ್ನು ಮಾತ್ರ ಮರಗಟ್ಟಿಸಿದರೆ? ಅಮ್ಮ ಕೇಳಿದ್ದು ಅಷ್ಟೇ ಅಲ್ವಾ?

ನಿಜ ಹೇಳಬೇಕೆಂದರೆ ಹೃದಯದೊಳಗೆ ಕೊಳವೆ ಹಾಕುವ ಚಿಕಿತ್ಸೆ ಶುರುವಾಗಿದ್ದೇ ಎಚ್ಚರವಾಗಿದ್ದ ಮನುಷ್ಯನಲ್ಲಿ. ಅದೂ ಡಾಕ್ಟರೇ ರೋಗಿ. 1929, ಬರ್ಲಿನ್ ಹತ್ತಿರದ ಎಬರ್ಸ್‌ವಾಲ್ಡೆ ಅನ್ನೋ ಊರು. ವರ್ನರ್ ಫೋರ್ಸ್‌ಮನ್‌ಗೆ ಆಗ ಸುಮಾರು 25 ವರ್ಷ. ಕೈಯ ರಕ್ತನಾಳದಿಂದ ಹೃದಯದವರೆಗೆ ಕೊಳವೆ ಹಾಕಬಹುದು ಅಂತ ಅವನ ವಾದ. ದೊಡ್ಡ ಡಾಕ್ಟರ್ ಬೇಡ ಅಂದರು. ಸಲಕರಣೆಗಳ ಬೀಗದ ಕೈ ಇದ್ದದ್ದು ಗೆರ್ಡಾ ಡಿಟ್ಸೆನ್ ಅನ್ನುವ ನರ್ಸ್ ಹತ್ತಿರ. ಫೋರ್ಸ್‌ಮನ್ ಅವಳನ್ನು ಒಪ್ಪಿಸಿದ. ಅವಳೋ 'ನನಗೇ ಮಾಡಿ' ಅಂದಳು. ಸರಿ ಅಂತ ಅವಳನ್ನು ಮೇಜಿಗೆ ಕಟ್ಟಿ, ಅವಳ ಕೈಗೆ ಮಾಡುವ ಹಾಗೆ ನಾಟಕವಾಡಿ, ತನ್ನ ಎಡಗೈಗೆ ಮರಗಟ್ಟುವ ಇಂಜೆಕ್ಷನ್ ಚುಚ್ಚಿಕೊಂಡ. 65 ಸೆಂಟಿಮೀಟರ್ ಉದ್ದದ ಮೂತ್ರನಾಳದ ಕೊಳವೆಯನ್ನು ಒಳಗೆ ತಳ್ಳಿಕೊಂಡ. ಆಮೇಲೆ ಅವಳನ್ನು ಬಿಚ್ಚಿ, ಕೊಳವೆ ಒಳಗಿರುವಾಗಲೇ ಮೆಟ್ಟಿಲು ಇಳಿದು ಎಕ್ಸ್‌ರೇ ಕೋಣೆಗೆ ನಡೆದ. ಚಿತ್ರದಲ್ಲಿ ಕೊಳವೆಯ ತುದಿ ಹೃದಯದೊಳಗಿತ್ತು. ಆಗ ಬೈಸಿಕೊಂಡ. ಮುಂದೆ ಮೂತ್ರರೋಗದ ಡಾಕ್ಟರಾಗಿ ಊರಲ್ಲಿ ಪ್ರ್ಯಾಕ್ಟೀಸ್ ಮಾಡಿಕೊಂಡಿದ್ದವನಿಗೆ 1956ರಲ್ಲಿ ನೊಬೆಲ್ ಬಂತು. ಗೆರ್ಡಾಗೆ ಏನು ಬಂತು ಅಂತ ಮಾತ್ರ ಯಾರೂ ಕೇಳಲ್ಲ.

1977ರಲ್ಲಿ ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಹೃದಯದ ರಕ್ತನಾಳಕ್ಕೆ ಮೊದಲ ಬಲೂನ್ ಆಂಜಿಯೋಪ್ಲಾಸ್ಟಿ ಮಾಡಿದಾಗಲೂ ರೋಗಿ ಎಚ್ಚರವಾಗಿಯೇ ಇದ್ದ. ಈಗ ನಮ್ಮಲ್ಲಿ ಮಣಿಕಟ್ಟಿನಲ್ಲಿ ಒಂದು ಸಣ್ಣ ಚುಚ್ಚು, ಸ್ಟೆಂಟ್ ಹಾಕಿಸಿಕೊಂಡು ಮಾರನೇ ದಿನ ಮನೆಗೆ. 'ಹಾರ್ಟ್ ಆಪರೇಷನ್ ಆಯ್ತು, ಟಿವಿಯಲ್ಲಿ ನಾನೇ ನೋಡ್ದೆ' ಅಂತ ಊರಲ್ಲಿ ಹೇಳಿಕೊಂಡು ಓಡಾಡುವವರು ಪ್ರತಿ ಬೀದಿಯಲ್ಲೂ ಸಿಗುತ್ತಾರೆ.

ಎದೆ ತೆರೆಯುವ ಮಾತು ಬಂದಾಗ ಕಥೆ ಬೇರೆ. ಅಲ್ಲಿ ನೋವು ಒಂದೇ ತೊಂದರೆಯಲ್ಲ. ಶ್ವಾಸಕೋಶದ ಸುತ್ತ ಇರುವ ಪೊರೆ ಹರಿದರೆ ಆ ಕಡೆಯ ಶ್ವಾಸಕೋಶ ಕುಗ್ಗುತ್ತದೆ. ಎಚ್ಚರವಿರುವವನಿಗೆ ಉಸಿರು ಸಿಕ್ಕದ ಹಾಗಾಗುತ್ತದೆ. ಸರ್ಜನ್ ಹೊಲಿಯುತ್ತಿರುವ ರಕ್ತನಾಳ ಒಂದೆರಡು ಮಿಲಿಮೀಟರ್ ದಪ್ಪ. ಆ ಹೊತ್ತಿಗೆ ರೋಗಿ ಕೆಮ್ಮಿದರೆ ಏನಾಗುತ್ತದೆ ಯೋಚಿಸಿ. ಹೃದಯದ ಚಿತ್ರ ನೋಡಲು ಗಂಟಲಿನಿಂದ ಇಳಿಸುವ ಎಕೋ ಕೊಳವೆಯನ್ನು ಎಚ್ಚರವಿರುವವರು ಅಷ್ಟು ಹೊತ್ತು ಸಹಿಸುವುದು ಕಷ್ಟ. ಇಷ್ಟೆಲ್ಲ ಇದ್ದೂ ಕೆಲವರು ಮಾಡಿ ತೋರಿಸಿದರು.

ಅದರಲ್ಲಿ ಬೆಂಗಳೂರಿನ ಪಾಲು ದೊಡ್ಡದು. ಟರ್ಕಿಯ ಅಂಕಾರಾದಲ್ಲಿ ಕರಗೋಜ್ ಅವರ ತಂಡ ರೋಗಿಯನ್ನು ಮಲಗಿಸದೆ ಬೈಪಾಸ್ ಮಾಡಿದ್ದನ್ನು 2000ದಲ್ಲಿ ಪ್ರಕಟಿಸಿತು. ಹೆಚ್ಚು ಕಮ್ಮಿ ಅದೇ ಕಾಲಕ್ಕೆ ಇಲ್ಲಿನ ವೋಕ್‌ಹಾರ್ಟ್ ಆಸ್ಪತ್ರೆಯಲ್ಲಿ ಸರ್ಜನ್ ಡಾ. ವಿವೇಕ್ ಜವಳಿ, ಅರಿವಳಿಕೆ ತಜ್ಞ ಡಾ. ಮುರಳಿ ಚಕ್ರವರ್ತಿ ಮತ್ತು ಅವರ ಜೊತೆಯವರು ಅದನ್ನೇ ಮಾಡುತ್ತಿದ್ದರು. ಬಡಿಯುತ್ತಿರುವ ಹೃದಯದ ಮೇಲೆ ಮಾತ್ರವಲ್ಲ, ಹೃದಯ, ಶ್ವಾಸಕೋಶದ ಕೆಲಸವನ್ನು ತಾನೇ ಮಾಡುವ ಹಾರ್ಟ್-ಲಂಗ್ ಮಿಷನ್ ಹಾಕಿದ ಆಪರೇಷನ್‌ಗಳನ್ನೂ ಮಾಡಿ 2005ರಲ್ಲಿ ಬರೆದರು. ನಾವು ಕಲಿಯುತ್ತಿದ್ದಾಗ ಈ ವಿಷಯ ಬಂದರೆ ಚಹಾ ತಣ್ಣಗಾಗುವವರೆಗೂ ಮಾತು ಮುಗಿಯುತ್ತಿರಲಿಲ್ಲ.

ದಾರಿ ಹೀಗೆ. ಕತ್ತಿನ ಕೆಳಗೆ, ಬೆನ್ನಿನ ಮೇಲ್ಭಾಗದಲ್ಲಿ ಸೂಜಿ ಹಾಕಿ ಬೆನ್ನುಹುರಿಯ ಪೊರೆಯ ಹೊರಗೆ ತೆಳ್ಳನೆಯ ಕೊಳವೆ ಬಿಡುತ್ತಾರೆ. ಎಪಿಡ್ಯೂರಲ್ ಅಂದರೆ ಅದೇ. ಸಾಮಾನ್ಯವಾಗಿ ಹಿಂದಿನ ದಿನವೇ ಹಾಕಿಡುವುದು. ಮಾರನೇ ದಿನ ಔಷಧಿ ಬಿಟ್ಟಾಗ ಎದೆ ಜೋಮು ಹಿಡಿಯಬೇಕು, ಆದರೆ ಔಷಧಿ ಮೇಲಕ್ಕೆ ಏರಿ ಕತ್ತಿನ ಮಟ್ಟಕ್ಕೆ ಹೋಗಬಾರದು. ಹೋದರೆ ವಪೆ, ಅಂದರೆ ಎದೆ-ಹೊಟ್ಟೆಯ ನಡುವೆ ಉಸಿರಾಡಿಸುವ ಸ್ನಾಯು, ಅದನ್ನು ಆಡಿಸುವ ನರವೇ ಮಲಗುತ್ತದೆ, ಉಸಿರು ನಿಲ್ಲುತ್ತದೆ. ಅದಕ್ಕೇ ಅರಿವಳಿಕೆಯವರು ಆಗಾಗ ರೋಗಿಗೆ 'ನನ್ನ ಕೈ ಗಟ್ಟಿಯಾಗಿ ಹಿಡೀರಿ' ಅನ್ನುತ್ತಾ ಇರುತ್ತಾರೆ. ಹಿಡಿತ ಸಡಿಲವಾದರೆ ಔಷಧಿ ಮೇಲೇರುತ್ತಿದೆ ಅಂತ ಅರ್ಥ. ಹೃದಯದ ವೇಗ ಹೆಚ್ಚಿಸುವ ನರಗಳೂ ಅದೇ ಮಟ್ಟದಲ್ಲಿರುವುದರಿಂದ ಬಡಿತ ನಿಧಾನವಾಗುತ್ತದೆ. ಸರ್ಜನ್‌ಗೆ ಅದು ಖುಷಿ. ಬಿಪಿಯೂ ಇಳಿಯುತ್ತದೆ, ಅದು ನಮಗೆ ತಲೆನೋವು.

ಈ ಕೆಲಸದ ಬಗ್ಗೆ ನನಗೆ ತುಂಬಾ ಗೌರವ ಇದೆ. ಆದರೂ ಒಂದು ಮಾತು. ಸುದ್ದಿಯಾಗಿದ್ದು ಎಚ್ಚರ. 'ಎದೆ ತೆರೆದಿದ್ದರೂ ರೋಗಿ ಮಾತಾಡುತ್ತಿದ್ದ!' ಅಂತ. ರೋಗಿಗೆ ಬೇಕಾದದ್ದು ಅದಾ? ಗರಗಸದ ಸದ್ದು ಕೇಳಿಸಿಕೊಳ್ಳುವ ಆಸೆ ಯಾರಿಗಿರುತ್ತದೆ? ಪೂರ್ತಿ ಮಲಗಿಸಿದರೆ ಮತ್ತೆ ಏಳುತ್ತೇನೋ ಇಲ್ಲವೋ ಅನ್ನೋ ಭಯ ಇರುತ್ತದೆಯೇ ಹೊರತು, ನೋಡುತ್ತಾ ಮಲಗಿರಬೇಕು ಅನ್ನೋ ಹಂಬಲ ಅಲ್ಲ. ಶ್ವಾಸಕೋಶ ತೀರಾ ಕೆಟ್ಟು, ವೆಂಟಿಲೇಟರ್ ಹಾಕಿದರೆ ತೆಗೆಯುವುದೇ ಕಷ್ಟ ಅನ್ನುವಂಥ ಕೆಲವರಿಗೆ ಈ ದಾರಿ ನಿಜವಾಗಿಯೂ ಬೇಕಿತ್ತು. ಉಳಿದವರಿಗೆ ಬೇಕಾಗಿದ್ದು ಎಪಿಡ್ಯೂರಲ್‌ನ ಇನ್ನೊಂದು ಗುಣ. ಆಪರೇಷನ್ ಆದ ಮೇಲೆ ನೋವಿಲ್ಲದೆ ಉಸಿರಾಡುವುದು. ಅದಕ್ಕೆ ಎಚ್ಚರವಾಗಿಯೇ ಆಪರೇಷನ್ ಮಾಡಿಸಿಕೊಳ್ಳಬೇಕಾಗಿಲ್ಲ. ಅದೇ ಬೆಂಗಳೂರಿನ ತಂಡ 2113 ಹೃದ್ರೋಗಿಗಳಿಗೆ ಕೊಟ್ಟ ಎಪಿಡ್ಯೂರಲ್‌ನ ಲೆಕ್ಕವನ್ನೂ 2005ರಲ್ಲಿ ಪ್ರಕಟಿಸಿತು. ನನ್ನ ಮಟ್ಟಿಗೆ ಅದು ಎಚ್ಚರದ ಬೈಪಾಸ್‌ಗಿಂತ ದೊಡ್ಡ ಕೆಲಸ. ಪೇಪರ್‌ನವರಿಗೆ ಮಾತ್ರ ಅದು ರುಚಿಸುವಂಥದ್ದಲ್ಲ.

ಹಾಗಿದ್ದರೆ ಎಲ್ಲರೂ ಯಾಕೆ ಎಪಿಡ್ಯೂರಲ್ ಹಾಕಲ್ಲ? ಹೆದರಿಕೆ. ಹೃದಯದ ಆಪರೇಷನ್‌ನಲ್ಲಿ ರಕ್ತ ಹೆಪ್ಪುಗಟ್ಟದಂತೆ ಹೆಪರಿನ್ ಕೊಡಲೇಬೇಕು. ಸೂಜಿ ಹಾಕಿದ ಜಾಗದಲ್ಲಿ ಆ ಹೊತ್ತಿಗೆ ರಕ್ತ ಜಿನುಗಿದರೆ ಅದು ಬೆನ್ನುಹುರಿಯನ್ನು ಒತ್ತುತ್ತದೆ. ಬೇಗ ಗೊತ್ತಾಗದಿದ್ದರೆ ಕಾಲಿನ ಸ್ವಾಧೀನ ಹೋಗಬಹುದು. ತುಂಬಾ ಅಪರೂಪ. ಆದರೆ ಎದೆನೋವಿಗೆ ಬಂದವರು ವೀಲ್‌ಚೇರ್‌ನಲ್ಲಿ ಮನೆಗೆ ಹೋದರೆ ಅಪರೂಪ ಅನ್ನುವ ಮಾತಿಗೆ ಅರ್ಥ ಇಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ 654 ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದ ಅಧ್ಯಯನ 2011ರಲ್ಲಿ ಬಂತು. ಎಪಿಡ್ಯೂರಲ್ ಹಾಕಿದವರಲ್ಲಿ ದೊಡ್ಡ ತೊಂದರೆಗಳೇನೂ ಸ್ಪಷ್ಟವಾಗಿ ಕಮ್ಮಿಯಾಗಿರಲಿಲ್ಲ. ಅಲ್ಲಿಗೆ ಬಹಳ ಜನ ಕೈಬಿಟ್ಟರು.

ಆಮೇಲೆ ಬಂದದ್ದು ಅಲ್ಟ್ರಾಸೌಂಡ್. ಬೆನ್ನುಹುರಿಯ ಹತ್ತಿರ ಹೋಗುವುದೇ ಬೇಡ, ದೂರದಲ್ಲೇ ಸ್ನಾಯುಗಳ ಪದರದ ನಡುವೆ ಔಷಧಿ ಬಿಡೋಣ, ಅದು ಬಾಳೆದಿಂಡಿನ ಸುರುಳಿಗಳ ಮಧ್ಯೆ ನೀರು ಇಳಿದ ಹಾಗೆ ಹರಡಿ ನರಗಳನ್ನು ತಲುಪಲಿ ಅನ್ನುವುದು ಹೊಸ ಯೋಚನೆ. ಕೆನಡಾದಲ್ಲಿ ಫೊರೆರೊ ಮತ್ತು ಜೊತೆಯವರು 2016ರಲ್ಲಿ ಹೇಳಿದ ಎರೆಕ್ಟರ್ ಸ್ಪೈನೀ ಬ್ಲಾಕ್ ಇಂಥದ್ದು. ಬ್ಲಾಕ್ ಅಂದರೆ ನರಗಳನ್ನು ಮರಗಟ್ಟಿಸಿ ನೋವಿನ ಸುದ್ದಿ ತಡೆಯುವ ಇಂಜೆಕ್ಷನ್. ಬೆನ್ನಿನ ಉದ್ದಕ್ಕೂ ಇರುವ ದಪ್ಪ ಸ್ನಾಯುವಿನ ಅಡಿಯಲ್ಲಿ ಔಷಧಿ ಬಿಡುವುದು. ಎರಡೇ ವರ್ಷದಲ್ಲಿ, 2018ರಲ್ಲಿ, ನಮ್ಮ ಜಯದೇವ ಹೃದ್ರೋಗ ಸಂಸ್ಥೆಯವರು 50 ರೋಗಿಗಳಲ್ಲಿ ಇದನ್ನು ಎಪಿಡ್ಯೂರಲ್ ಜೊತೆ ಹೋಲಿಸಿ ನೋಡಿದರು. ನೋವು ತಡೆಯುವುದರಲ್ಲಿ ಎಪಿಡ್ಯೂರಲ್‌ಗೆ ಇದು ಸರಿಸಮ ಅಂತ ಬಂತು. ಸಣ್ಣ ಅಧ್ಯಯನವೇ. ಆದರೆ ಜಯದೇವದಂಥ ಕಡೆ, ದಿನಾ ಅಷ್ಟು ಜನ ಬಂದು ಹೋಗುವ ಸರ್ಕಾರಿ ಸಂಸ್ಥೆಯಲ್ಲಿ, ಕಮ್ಮಿ ಅಪಾಯದ ದಾರಿಯೊಂದು ಸಿಗುವುದು ಸಣ್ಣ ವಿಷಯವಲ್ಲ.

ಕೊಡುವುದು ಹೇಗೆ ಅಂತ ಹೇಳುತ್ತೇನೆ. ರೋಗಿ ಆಗಲೇ ನಿದ್ದೆಯಲ್ಲಿರುತ್ತಾರೆ. ಪಕ್ಕಕ್ಕೆ ಹೊರಳಿಸುತ್ತೇವೆ. ಬೆನ್ನುಮೂಳೆಯಿಂದ ಸುಮಾರು ಮೂರು ಸೆಂಟಿಮೀಟರ್ ಪಕ್ಕಕ್ಕೆ ಅಲ್ಟ್ರಾಸೌಂಡ್ ಪ್ರೋಬ್ ಇಡುತ್ತೇನೆ. ತೆರೆಯ ಮೇಲೆ ಮೂಳೆಯ ತುದಿ ಬೆಳ್ಳಗೆ ಒಂದು ಗೀರಿನ ಹಾಗೆ ಕಾಣುತ್ತದೆ, ಅದರ ಕೆಳಗೆ ಕಪ್ಪು ನೆರಳು. ಸೂಜಿ ಅದಕ್ಕೆ ಮೆಲ್ಲಗೆ ತಾಗಬೇಕು. ಮೊದಲು ಸ್ವಲ್ಪ ಸಲೈನ್ ಬಿಟ್ಟು ನೋಡುತ್ತೇನೆ. ಸರಿಯಾದ ಜಾಗವಾದರೆ ಸ್ನಾಯು ಮೂಳೆಯಿಂದ ಮೆತ್ತಗೆ ಎದ್ದು ಬರುತ್ತದೆ, ನಡುವೆ ಕಪ್ಪು ಗೆರೆಯೊಂದು ಬಿಚ್ಚಿಕೊಳ್ಳುತ್ತದೆ. ಅದನ್ನು ನೋಡುವ ಸಂತೋಷ ನನಗಿನ್ನೂ ಹಳೆಯದಾಗಿಲ್ಲ. ಆಮೇಲೆ ಮರಗಟ್ಟಿಸುವ ಔಷಧಿ ರೋಪಿವಕೇನ್, ಎರಡೂ ಕಡೆ. ಅಷ್ಟು ಹೊತ್ತಿಗೆ ಕೈ ತೊಳೆದುಕೊಂಡು ನಿಂತ ಸರ್ಜನ್ 'ಮೇಡಂ, ಆಯ್ತಾ?' ಅಂತ ಕೇಳಿರುತ್ತಾರೆ.

ಇದು ಪವಾಡ ಅಲ್ಲ. ಔಷಧಿ ನಿಜವಾಗಿ ಎಲ್ಲಿಯವರೆಗೆ ಹೋಗುತ್ತದೆ ಅನ್ನುವುದರ ಬಗ್ಗೆಯೇ ಡಾಕ್ಟರುಗಳ ನಡುವೆ ಜಗಳ ಇದೆ. ಶವಗಳಲ್ಲಿ ಬಣ್ಣ ಬಿಟ್ಟು ನೋಡಿದವರಿಗೆ ಒಂದೊಂದು ಕಡೆ ಒಂದೊಂದು ಉತ್ತರ ಸಿಕ್ಕಿದೆ. ಬೆನ್ನಿನಲ್ಲಿ ಕೊಟ್ಟದ್ದು ಕೆಲವರಿಗೆ ಎದೆಯ ಮಧ್ಯಕ್ಕೆ ಬಂದು ಮುಟ್ಟುವುದೇ ಇಲ್ಲ. ಹಾಗಾಗಿ ಎದೆಮೂಳೆಯ ಅಕ್ಕಪಕ್ಕದಲ್ಲೇ ಕೊಡುವ ಪ್ಯಾರಾಸ್ಟರ್ನಲ್ ಬ್ಲಾಕ್ ಕಡೆಗೆ ಈಗ ಹಲವರು ವಾಲುತ್ತಿದ್ದಾರೆ. ಅದಕ್ಕೆ ಹೊರಳಿಸುವ ಕೆಲಸವೂ ಇಲ್ಲ. ಆದರೆ ಡ್ರೈನ್ ಪೈಪು ಹಾಕಿದ ಜಾಗ ಅದರ ಕೈಗೆ ಸಿಗುವುದಿಲ್ಲ, ಅದು ಇನ್ನೂ ಕೆಳಗಿರುತ್ತದೆ. ಇನ್ನು, ಈ ಬ್ಲಾಕ್‌ಗಳನ್ನೇ ನಂಬಿಕೊಂಡು ಎದೆಮೂಳೆ ಸೀಳುವ ಆಪರೇಷನ್ ಮಾಡುತ್ತೀರಾ ಅಂದರೆ, ನಾನಂತೂ ಮಾಡುವುದಿಲ್ಲ. ಅಲ್ಲಿ ಇವು ಪೂರ್ತಿ ಮತ್ತಿಗೆ ಬದಲಿ ಅಲ್ಲ, ಜೊತೆ. ಜೊತೆಗಿದ್ದರೆ ಫೆಂಟನಿಲ್, ಮಾರ್ಫಿನ್‌ನಂಥ ಜೋರು ನೋವಿನ ಔಷಧಿ ಕಮ್ಮಿ ಸಾಕು. ಅವು ಕಮ್ಮಿಯಾದರೆ ಗಂಟಲಿನ ಟ್ಯೂಬ್ ಬೇಗ ತೆಗೆಯಬಹುದು, ಮಂಪರು, ವಾಂತಿ, ಮಲಬದ್ಧತೆ ಕಮ್ಮಿ.

ಔಷಧಿಯ ಅಳತೆ ಮೀರಬಾರದು ಅನ್ನುವುದೂ ಇದೆ. ಮರಗಟ್ಟಿಸುವ ಔಷಧಿ ರಕ್ತಕ್ಕೆ ಜಾಸ್ತಿ ಸೇರಿದರೆ ಮೊದಲು ತುಟಿ ಜುಮ್ಮೆನ್ನುತ್ತದೆ, ಬಾಯಲ್ಲಿ ಕಬ್ಬಿಣದ ರುಚಿ, ಕಿವಿಯಲ್ಲಿ ಗುಂಯ್ ಅನ್ನೋ ಸದ್ದು. ಆಮೇಲೆ ಫಿಟ್ಸ್. ಬ್ಯುಪಿವಕೇನ್ ಅನ್ನುವ ಔಷಧಿಯಾದರೆ ಹೃದಯವೇ ನಿಲ್ಲಬಹುದು. ಎಚ್ಚರವಿರುವವರು ಬಾಯಿ ಬಿಟ್ಟು ಹೇಳುತ್ತಾರೆ, ಮಲಗಿದವರು ಹೇಳುವುದಿಲ್ಲ. ಇದಕ್ಕೆ ಮದ್ದು ಇದೆ. ಹಾಲಿನ ಹಾಗೆ ಬೆಳ್ಳಗಿರುವ 20% ಕೊಬ್ಬಿನ ದ್ರಾವಣ. 1998ರಲ್ಲಿ ಅಮೆರಿಕದ ಗೈ ವೈನ್‌ಬರ್ಗ್ ಇಲಿಗಳಲ್ಲಿ ತೋರಿಸಿದ್ದು. ಬ್ಲಾಕ್ ಕೊಡುವ ಕಡೆಯಲ್ಲೆಲ್ಲ ಅದರ ಬಾಟಲಿ ಕೈಗೆ ಸಿಗುವ ಹಾಗೆ ಇರಬೇಕು.

ಬ್ಲಾಕ್‌ನ ಬೆಲೆ ಗೊತ್ತಾಗುವುದು ಓಟಿಯಲ್ಲಲ್ಲ, ಮಾರನೇ ದಿನ ಐಸಿಯುನಲ್ಲಿ. ರಿಟೈರ್ಡ್ ಮೇಷ್ಟ್ರೊಬ್ಬರಿಗೆ ಬೈಪಾಸ್ ಆಗಿತ್ತು. ಕಾರಣಾಂತರದಿಂದ ಬ್ಲಾಕ್ ಕೊಟ್ಟಿರಲಿಲ್ಲ. ಎದೆಗೆ ದಿಂಬು ಅವುಚಿಕೊಂಡು ಕೂತಿದ್ದರು. ಮುಂದೆ ಮೂರು ಚೆಂಡಿನ ಪ್ಲಾಸ್ಟಿಕ್ ಡಬ್ಬಿ. ಎಳೆದು ಉಸಿರು ತೆಗೆದುಕೊಂಡರೆ ಚೆಂಡು ಮೇಲೇರಬೇಕು. ಒಂದೂ ಏರುತ್ತಿರಲಿಲ್ಲ. 'ಮೇಷ್ಟ್ರೇ, ಜೋರಾಗಿ ಕೆಮ್ಮಿ, ಕಫ ಬರಲಿ' ಅಂತ ಸಿಸ್ಟರ್. 'ಕೆಮ್ಮಿದ್ರೆ ಎದೆ ಬಿಚ್ಕೊಂಡ್ಬಿಡುತ್ತೆ ಕಣಮ್ಮ' ಅಂತ ಅವರು. ಮೂಳೆಯನ್ನು ಸ್ಟೀಲ್ ತಂತಿಯಲ್ಲಿ ಬಿಗಿದಿರುತ್ತಾರೆ, ಕೆಮ್ಮಿದರೆ ಬಿಚ್ಚುವುದಿಲ್ಲ ಅಂತ ಎಷ್ಟು ಹೇಳಿದರೂ ನೋವು ಕೇಳಬೇಕಲ್ಲ. ಕೆಮ್ಮದಿದ್ದರೆ ಕಫ ಅಲ್ಲೇ ಕೂರುತ್ತದೆ, ನ್ಯುಮೋನಿಯಾ ಆಗುತ್ತದೆ. ಪಕ್ಕದ ಬೆಡ್‌ನಲ್ಲಿ ಬ್ಲಾಕ್ ಕೊಟ್ಟವರೊಬ್ಬರಿದ್ದರು. ಎರಡು ಚೆಂಡು ಏರಿಸಿ ಮೂರನೆಯದನ್ನು ನೋಡುತ್ತಾ ಕೂತಿದ್ದರು. ಇಬ್ಬರನ್ನು ನೋಡಿ ಶಾಸ್ತ್ರ ಹೇಳಬಾರದು, ಗೊತ್ತು. ಮೇಷ್ಟ್ರಿಗೆ ಅವತ್ತು ಮಧ್ಯಾಹ್ನ ಬೆಡ್ ಮೇಲೆಯೇ ಪ್ಯಾರಾಸ್ಟರ್ನಲ್ ಬ್ಲಾಕ್ ಕೊಟ್ಟೆ. ಸಂಜೆ ಹೋದಾಗ ಕೆಮ್ಮಿ ಕೆಮ್ಮಿ ಸುಸ್ತಾಗಿದ್ದೇನೆ ಅಂತ ನನ್ನನ್ನೇ ಬೈದರು.

ಮತ್ತೆ ಅಮ್ಮನ ಪ್ರಶ್ನೆಗೆ ಬರೋಣ. ಬರೀ ಆ ಜಾಗಕ್ಕೆ ಕೊಟ್ಟು ಮಾಡುವ ಕೆಲಸಗಳು ವರ್ಷದಿಂದ ವರ್ಷಕ್ಕೆ ಜಾಸ್ತಿಯಾಗುತ್ತಿವೆ. ಪೇಸ್‌ಮೇಕರ್‌ಗೆ ಕಾಲರ್‌ಬೋನ್ ಕೆಳಗೆ ಮರಗಟ್ಟಿಸಿದರೆ ಸಾಕು. ಅದನ್ನೇ ಇನ್ನೂ ಚೆನ್ನಾಗಿ ಮಾಡುವ, ಎದೆಯ ಸ್ನಾಯುಗಳ ನಡುವೆ ಕೊಡುವ ಪೆಕ್ಸ್ ಬ್ಲಾಕ್ ಇದೆ, ರಫಾಯೆಲ್ ಬ್ಲಾಂಕೊ 2011ರಲ್ಲಿ ಹೇಳಿದ್ದು. ಬಡಿತ ಹದ ತಪ್ಪಿದರೆ ಶಾಕ್ ಕೊಟ್ಟು ಸರಿಮಾಡಲು ಪಕ್ಕೆಯ ಚರ್ಮದಡಿ ಕೂರಿಸುವ ಡಿಫಿಬ್ರಿಲೇಟರ್‌ಗೆ ಪಕ್ಕೆಯ ಬ್ಲಾಕ್. ಮುಖ್ಯವಾಗಿ ಟಾವಿ. ವಯಸ್ಸಾದವರ ಗಟ್ಟಿಯಾದ ಅಯೋರ್ಟಿಕ್ ವಾಲ್ವ್ (ಹೃದಯದಿಂದ ದೇಹಕ್ಕೆ ರಕ್ತ ಹೊರಡುವ ಬಾಗಿಲು) ಒಳಗೆ ತೊಡೆಸಂದಿಯಿಂದ ಹೊಸ ವಾಲ್ವ್ ಕೂರಿಸುವುದು. ಫ್ರಾನ್ಸಿನ ರೂಆನ್‌ನಲ್ಲಿ ಅಲೆನ್ ಕ್ರಿಬಿಯೆ 2002ರಲ್ಲಿ ಮೊದಲು ಮಾಡಿದರು. ಮುಂದೆ ಬಹಳ ಕಡೆ ಪೂರ್ತಿ ಮಲಗಿಸಿ ಮಾಡುವುದೇ ರೂಢಿಯಾಯಿತು. ಈಗ ಮತ್ತೆ ತೊಡೆಸಂದಿಗೆ ಮರಗಟ್ಟಿಸಿ, ಸ್ವಲ್ಪ ಮಂಪರು ಕೊಟ್ಟು ಮಾಡುತ್ತಾರೆ. ಜರ್ಮನಿಯಲ್ಲಿ ಎರಡನ್ನೂ ಹೋಲಿಸಿದ ಸಾಲ್ವ್-ಟಾವಿ ಅಧ್ಯಯನದಲ್ಲಿ ಫಲಿತಾಂಶ ಹೆಚ್ಚು ಕಮ್ಮಿ ಒಂದೇ ಬಂತು. ಅಷ್ಟು ವಯಸ್ಸಿನವರನ್ನು ಮಲಗಿಸದೆ ಆಗುವುದಾದರೆ ಯಾಕೆ ಮಲಗಿಸಬೇಕು ಅನ್ನುವ ಪಕ್ಷದವಳು ನಾನು.

ಆದರೆ ಎಚ್ಚರವಾಗಿಟ್ಟರೆ ನಮ್ಮ ಕೆಲಸ ಕಮ್ಮಿಯಾಗುವುದಿಲ್ಲ, ಬೇರೆಯಾಗುತ್ತದೆ. ವಾಲ್ವ್ ಬಲೂನಿನಿಂದ ಕೂರಿಸುವಾಗ ಹೃದಯ ಅಲುಗಬಾರದು. ಅದಕ್ಕೆ ತಂತಿಯ ಮೂಲಕ ಹೃದಯವನ್ನು ನಿಮಿಷಕ್ಕೆ 180ರ ಆಸುಪಾಸಿಗೆ ಓಡಿಸುತ್ತಾರೆ. ಆ ಕೆಲವು ಸೆಕೆಂಡು ರಕ್ತ ಸರಿಯಾಗಿ ಮುಂದಕ್ಕೆ ಹೋಗುವುದಿಲ್ಲ, ಬಿಪಿ ಪಾತಾಳಕ್ಕೆ. ಎಚ್ಚರವಿರುವವರಿಗೆ ಪ್ರಾಣ ಹೋದ ಹಾಗೆ ಅನ್ನಿಸುತ್ತದೆ. ತಲೆಯ ಹತ್ತಿರ ಕೂತು 'ಅಜ್ಜಿ, ಈಗ ಒಂದ್ಸಲ ತಲೆ ಸುತ್ತುತ್ತೆ, ಆಮೇಲೆ ಸರಿಹೋಗುತ್ತೆ, ಕೈ ಕಾಲು ಆಡಿಸ್ಬೇಡಿ' ಅಂತ ಮುಂಚೆಯೇ ಹೇಳುವವರು ಬೇಕು. ಅಜ್ಜಿಗೆ ಬರುವ ಭಾಷೆಯಲ್ಲಿ ಬೇಕು. ಇದೆಲ್ಲ ನಡೆಯುವ ಕ್ಯಾಥ್‌ಲ್ಯಾಬ್ ಅನ್ನೋ ಕೋಣೆಯಲ್ಲಿ ಇಂಗ್ಲಿಷು, ಮಲಯಾಳ, ಹಿಂದಿ ಎಲ್ಲ ಓಡಾಡುತ್ತಿರುತ್ತದೆ. ಒಳಗೆ ಕಳಿಸುವ ಮುಂಚೆ ಚಿನ್ನದ ಬಳೆ, ಹಲ್ಲಿನ ಸೆಟ್ಟು, ಕಿವಿಯ ಮಿಷನ್ ಎಲ್ಲ ಬಿಚ್ಚಿಸಿ ಮಗಳ ಕೈಗೆ ಕೊಟ್ಟುಬಿಡುವುದು ಪದ್ಧತಿ. ಬಳೆ, ಹಲ್ಲು ತೆಗೆಯಿರಿ. ಎಚ್ಚರವಾಗಿ ಮಾಡುವ ಕೆಲಸವಾದರೆ ಕಿವಿಯ ಮಿಷನ್ ಅಲ್ಲೇ ಇರಲಿ ಅಂತ ಮನೆಯವರೇ ಹೇಳಿ, ಕೇಸ್ ಶೀಟಿನಲ್ಲೂ ಬರೆಸಿ.